ಓಡಿಸಿದ್ದು ಯಾರು?

“ನಿಮ್ಮ ತಂದೆ ಹೇಗೆ ತೀರಿಕೊಂಡ್ರು?” ಎಂದು ಹೃದಯದ ಡಾಕ್ಟರು ಮಗನನ್ನು ಕೇಳಿದರೆ, ಪಕ್ಕದಲ್ಲಿ ಕುಳಿತಿದ್ದ ತಾಯಿ ಉತ್ತರ ಕೊಟ್ಟಳು: “ನಾನು ಓಡಿಸಿದೆ. ಸತ್ತರು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಮಗ ನೆಲ ನೋಡಿದ. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಅವನದು. ಹೋದ ತಿಂಗಳು ಕಾಗದದ ಕಟ್ಟು ಹೊತ್ತು ಮೆಟ್ಟಿಲೇರುವಾಗ ಕಣ್ಣು ಕತ್ತಲಿಟ್ಟು ಬಿದ್ದಿದ್ದ. ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪವಾಗಿದೆ, ಇದು ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆ ಎಂದು ಗೊತ್ತಾದ ಮೇಲೆ ತಾಯಿಯನ್ನೂ ಪರೀಕ್ಷೆ ಮಾಡಿದ್ದರು.

ಅವಳ ಗಂಡ ಟೈಪ್‌ರೈಟರ್ ರಿಪೇರಿಯವನು. ಅವಳು ಟೈಪಿಂಗ್ ಕಲಿಸುವವಳು. ತೀರಿಕೊಂಡ ದಿನ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಶಿಳ್ಳೆ ಹಾಕುತ್ತಾ ಕ್ರಾಪು ತಿದ್ದುತ್ತಿದ್ದ. “ಬಸ್ಸೇನು ಮಾವನ ಮನೇದಾ, ನಿಮಗೋಸ್ಕರ ಕಾಯೋಕೆ? ಓಡ್ರೀ!” ಎಂದು ಅವಳು ರೇಗಿದಳು. ನಗುತ್ತಲೇ ಓಡಿದ. ಬಸ್ಸಿನ ಬಾಗಿಲ ಕಂಬಿ ಹಿಡಿದವನು ಹತ್ತಲೇ ಇಲ್ಲ. ಆಗ ಅವನಿಗೆ ಮೂವತ್ತೆಂಟು.

ಅಂದಿನಿಂದ ಆ ಮನೆಯಲ್ಲಿ ‘ಬೇಗ’ ಎಂಬ ಮಾತು ನಿಂತೇಹೋಯಿತು. ಮಗ ದಿನಾ ತಡವಾಗಿ ಶಾಲೆಗೆ ಹೋಗಿ ಬಾಗಿಲ ಹೊರಗೆ ನಿಲ್ಲುತ್ತಿದ್ದ. ಮೇಷ್ಟ್ರು ಚೀಟಿ ಕಳಿಸಿದರೆ ತಾಯಿ, “ನಿಂತ್ಕೊಂಡ್ರೆ ಕಾಲೇನೂ ಸವೆಯಲ್ಲ” ಎನ್ನುತ್ತಿದ್ದಳು. ಟೈಪಿಂಗ್ ವೇಗದ ಪರೀಕ್ಷೆಗೆ ಕೂತ ಹುಡುಗಿಯರಿಗೂ “ನಿಧಾನ ಕಣ್ರಮ್ಮಾ” ಎಂದು ಹೇಳಿ ಹೇಳಿ, ಒಂದು ವರ್ಷ ಅರ್ಧ ತರಗತಿಯೇ ನಪಾಸಾಗಿತ್ತು.

“ಅಮ್ಮಾ,” ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು, “ಈ ದೋಷ ನಿಮ್ಮ ರಕ್ತದಲ್ಲಿಲ್ಲ. ತಂದೆಯಿಂದಲೇ ಬಂದಿರಬೇಕು. ಅವರು ಹುಟ್ಟುವಾಗಲೇ ಹೊತ್ಕೊಂಡು ಬಂದಿದ್ರು. ಓಡಿದ್ದು ಒಂದು ನೆಪ ಅಷ್ಟೆ. ಸುಮ್ನೆ ಕೂತಿದ್ದಾಗಲೂ ಆಗಬಹುದಿತ್ತು.”

“ಮೂವತ್ತಾರು ವರ್ಷ,” ಎಂದಳು ತಾಯಿ. “ನಮ್ಮತ್ತೆ ಸಾಯೋವರೆಗೂ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಆ ದೋಷ ಅವರ ಮನೇದೇ ಅಂತ ಅವರಿಗಾದರೂ ಏನು ಗೊತ್ತು, ಪಾಪ.”

ಹೊರಗೆ ಬಂದ ಮೇಲೆ ಮಗ ಬೆಂಚಿನ ಮೇಲೆ ಕುಸಿದು ಕೂತ. “ನನ್ನ ಮಗಳಿಗೂ ಇರೋ ಸಾಧ್ಯತೆ ಅರ್ಧಕ್ಕರ್ಧ ಅಂತೆ. ನಾನೇ ಕೊಟ್ಟಿದ್ರೆ ಏನಮ್ಮಾ ಮಾಡ್ಲಿ?”

“ಅವಳ ಗುಂಗುರು ಕೂದಲೂ ನಿಂದೇ. ಕೇಳಿ ಕೊಟ್ಟಿದ್ಯೇನೋ? ಎದ್ದೇಳು. ನನ್ನ ಥರ ಇದನ್ನ ತಲೆ ಮೇಲೆ ಹೊತ್ಕೊಂಡು ಕೂರಬೇಡ.”

ಮಗಳ ವರದಿ ಬಂತು. ದೋಷ ಅವಳಲ್ಲೂ ಇತ್ತು. ಹೃದಯ ಸದ್ಯಕ್ಕೆ ಸರಿಯಾಗಿಯೇ ಇದೆ; ಕಾಯಿಲೆ ಮುಂದೆ ಬರಬಹುದು, ಬಾರದೆಯೂ ಇರಬಹುದು, ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದರು ಡಾಕ್ಟರು. ಹನ್ನೊಂದು ವರ್ಷದ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಮನೆಗೆ ಬಂದವಳೇ ಅಜ್ಜಿಯ ಪಕ್ಕ ಕೂತಳು.

“ಅಜ್ಜಿ, ನನ್ನೊಳಗೆ ತಾತಂದು ಏನೋ ಇದೆಯಂತೆ. ತಾತ ಹೇಗಿದ್ರು?”

ಹೇಗೆ ಸತ್ತರು ಎಂದು ಊರೆಲ್ಲ ಕೇಳಿತ್ತು. ಹೇಗಿದ್ದರು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ನಕ್ಕಳು.

“ಮದುವೆಗೆ ಮುಂಚೆ ನಮ್ಮ ಟೈಪಿಂಗ್ ಕ್ಲಾಸಿಗೆ ಕೆಟ್ಟಿರೋ ಒಂದು ಮೆಷಿನ್ನು ನೋಡೋಕೆ ಅಂತ ಬಂದೋರು ಕಣೇ, ಚೆನ್ನಾಗಿದ್ದ ಮೂರನ್ನೂ ಬಿಚ್ಚಿ ಹಾಕಿ ಹೋದ್ರು. ಮಾರನೇ ದಿನಾನೂ ಬರಬೇಕಲ್ಲ ಅಂತ.”