ಮೂರು ಬೆರಳಿನ ಸಂದು

ಬಂದಾಗ ಕಾರಿನ ಹಿಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಹೋಗುತ್ತಿದ್ದವು. ಒಂದು ಗಂಟೆಯ ನಂತರ ಟೈಲರಮ್ಮ ಮತ್ತೆ ಕೈ ಹಾಕಿದಳು. ಕಿರುಬೆರಳೂ ಹೋಗಲಿಲ್ಲ.

"ಈ ಕಾರು ಕುಸಿದಿದೆ," ಎಂದಳು. ಸೆಕೆಂಡ್‌ಹ್ಯಾಂಡ್ ಕಾರುಗಳ ಡೀಲರ್ ಅಲ್ಲಿಯವರೆಗೆ ಅವಳ ಗಂಡನ ಮುಖ ಬಿಟ್ಟು ಬೇರೆಡೆ ನೋಡಿರಲಿಲ್ಲ. ಅಂಗಳದಲ್ಲಿದ್ದದ್ದು ಒಂದೇ ಮಾದರಿಯ, ವೇಗವಾಗಿ ಓಡುವ, ಹಿಂದೆ ಉದ್ದನೆಯ ಡಿಕ್ಕಿಯಿರುವ ಎರಡು ಎಸ್ಟೇಟ್ ಕಾರು. ಒಂದಕ್ಕೆ ಗಾಳಿಚೀಲಗಳ ಮೇಲೆ ಕೂರುವ ಏರ್ ಸಸ್ಪೆನ್ಷನ್, ಇನ್ನೊಂದಕ್ಕೆ ಬರೀ ಸ್ಪ್ರಿಂಗು. "ಏರ್ ತಗೊಳ್ಳಿ ಸಾರ್, ತೊಟ್ಟಿಲ ಹಾಗೆ ಹೋಗತ್ತೆ," ಎಂದು ಅವನು ಹೊಗಳಿದ್ದೇ ಹೊಗಳಿದ್ದು, ಗಂಡ ತಲೆಯಾಡಿಸಿದ್ದೇ ಆಡಿಸಿದ್ದು.

"ಸ್ಟಾರ್ಟ್ ಮಾಡಿದ್ರೆ ಮೇಲೇಳತ್ತೆ ಸಾರ್," ಡೀಲರ್ ಈಗಲೂ ಗಂಡನಿಗೇ ಹೇಳಿದ. "ಮೇಡಂಗೆ ಈ ತಲೆನೋವೆಲ್ಲ ಯಾಕೆ?"

"ನಾವು ಬರೋ ಮುಂಚೆ ಎಂಜಿನ್ ಓಡಿಸಿ, ಗಾಳಿ ತುಂಬಿಸಿ ನಿಲ್ಲಿಸಿದ್ರಿ. ಆ ಗಾಳಿ ಸೋರ್ತಿದೆ. ಅಳತೆ ತಗೊಂಡೇ ಹೊಟ್ಟೆ ಹೊರೆಯೋಳು ನಾನು, ನನ್ನ ಕಣ್ಣಿಗೇ ಮಣ್ಣೆರಚ್ತೀರಾ? ನಮ್ಮತ್ತೆ ಸೊಂಟ ನೋಯದ ಹಾಗೆ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಕಾರು ಕೇಳಿದ್ರೆ, ಇದನ್ನ ನಮ್ಮ ತಲೆಗೆ ಕಟ್ತಿದ್ದೀರಲ್ಲ. ಆ ಸ್ಪ್ರಿಂಗ್ ಕಾರಿನ ಕೀ ಕೊಡಿ, ಓಡಿಸಿ ನೋಡ್ತೀನಿ." ಅವಳು ಕೈ ಚಾಚಿದಳು.

ಡೀಲರ್ ಒಳಗಿನಿಂದ ಕೀ ತಂದು ಗಂಡನ ಅಂಗೈಯಲ್ಲಿಟ್ಟ.

ಗಂಡ ಅದನ್ನು ಕೆಂಡ ಮುಟ್ಟಿದವನಂತೆ ಅವಳಿಗೆ ದಾಟಿಸಿದ. "ನಂಗೆ ಡ್ರೈವಿಂಗ್ ಬರಲ್ಲ," ಎಂದು ಡೀಲರ್‌ಗೆ ಮೆಲ್ಲಗೆ ಹೇಳಿದ.

ಅವಳು ಕಾರಿನ ಬಾಗಿಲು ತೆಗೆದು ಗಂಡನ ಕಡೆ ತಿರುಗಿದಳು. "ಒಂದು ಗಂಟೆಯಿಂದ ಇದನ್ನ ಹೇಳೋಕೆ ಏನು ರೋಗ ನಿಮಗೆ? ಹಿಂದೆ ಕೂತ್ಕೊಳ್ಳಿ."