ಮೂವತ್ತೊಂದನೇ ತಿರುವು

ಬೈಕ್ ಟೂರ್ ಅಂದರೆ ಗಡ್ಡ ಬಿಟ್ಟ ಹುಡುಗರದ್ದೇ ಅಂದುಕೊಂಡವರು ಸ್ವಲ್ಪ ಇತ್ತ ಬನ್ನಿ... ರಾಣೆಬೆನ್ನೂರಿನ ಇಬ್ಬರು ಹೆಂಗಸರ ವಿಷಯ ಹೇಳಬೇಕಿದೆ.

ನೀಲಾಂಬಿಕಾಗೆ ನಲವತ್ತೇಳು ವರ್ಷ, ಸೀರೆ ಅಂಗಡಿ ಇದೆ. ಗೆಳತಿ ಫರೀದಾ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರಿಗೂ ಬೈಕ್ ಹುಚ್ಚು.

ಆದರೆ ಎರಡು ವರ್ಷದ ಹಿಂದೆ, ಇಬ್ಬರೂ ಯಾಣಕ್ಕೆ ಹೊರಟಾಗ, ನೀಲಾ ತಿರುವೊಂದರಲ್ಲಿ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು.

ಮೂಳೆ ಮೂರು ತಿಂಗಳಿಗೆ ಕೂಡಿತು... ಧೈರ್ಯ ಕೂಡಲಿಲ್ಲ. ತಿರುವು ಕಂಡರೆ ಸಾಕು, ಕೈ ನಡುಗುತ್ತಿತ್ತು. ಬೈಕಿನ ಮೇಲೆ ಹಳೇ ಸೀರೆ ಹೊದಿಸಿ ಮೂಲೆಗೆ ನಿಲ್ಲಿಸಿಬಿಟ್ಟಳು.

ಒಂದು ಭಾನುವಾರ ಫರೀದಾ ಬಂದವಳೇ ಆ ಸೀರೆ ಎಳೆದು ಹಾಕಿದಳು.

"ಏಳು, ತಮಿಳುನಾಡಿನ ಕೊಲ್ಲಿ ಹಿಲ್ಸಿಗೆ ಹೋಗೂಣು. ಎಪ್ಪತ್ತು ತಿರುವು ಅದಾವಂತ."

"ನಿನಗ ತಲಿ ಕೆಟ್ಟೈತೇನು? ನನಗ ಒಂದ ತಿರುವು ದಾಟಾಕ ಆಗವಲ್ದು!"

"ಅದಕ್ಕ ಎಪ್ಪತ್ತು ಇರೋ ಕಡೆ ಕರಕೊಂಡ ಹೊಂಟೀನಿ."

ಫರೀದಾ ಹಟ ಹಿಡಿದರೆ ಮುಗಿಯಿತು... ಅವಳ ಇಂಜೆಕ್ಷನ್ ತಪ್ಪಿಸಿಕೊಂಡ ಪೇಷಂಟ್ ಇಲ್ಲ!

ಎರಡು ದಿನದ ದಾರಿ. ಮನೆ ಬಿಟ್ಟಾಗಿನಿಂದ ಫರೀದಾಳದು ಒಂದೇ ಮಾತು, "ನೀ ಮುಂದ ನಡಿ, ನಾ ಹಿಂದ ಬರ್ತೀನಿ."

ದೂರದ ಟೂರ್ ಮಾಡುವವರಲ್ಲಿ ಇದೊಂದು ಪದ್ಧತಿ. ನಿಧಾನ ಓಡಿಸುವವರು ಮುಂದೆ, ಪಳಗಿದವರು ಹಿಂದೆ. ಆಗ ಯಾರೂ ದಾರಿಯಲ್ಲಿ ಒಂಟಿಯಾಗಿ ಉಳಿಯುವುದಿಲ್ಲ.

ನೀಲಾಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವಮಾನ ಅನ್ನಿಸುತ್ತಿತ್ತು...

ಬೆಟ್ಟ ಹತ್ತತೊಡಗಿದರು. ಪ್ರತಿ ತಿರುವಿಗೂ ನಂಬರಿನ ಬೋರ್ಡು. ಇಪ್ಪತ್ಮೂರರ ಹತ್ತಿರ ಎರಡು ಕಾರುಗಳು ಜೋರಾಗಿ ಹಾರ್ನ್ ಹೊಡೆದು ದಾಟಿ ಹೋದವು. ನೀಲಾ ಬೈಕ್ ನಿಲ್ಲಿಸಿಬಿಟ್ಟಳು.

"ನಾ ಏನ್ ಎಳೆಕೂಸಾ, ಹಿಂದ ನಿಂತು ಕಾಯಾಕ? ಮಂದಿ ನಗಾಕತ್ತಾರ. ನೀನ ಮುಂದ ಹೋಗು!"

ಫರೀದಾ ಹಿಂದಿನ ರಸ್ತೆ ಕಾಣುವಂತೆ ಕನ್ನಡಿ ತಿರುಗಿಸಿಕೊಂಡಳು. ಮುಂದೆ ಹೋದಳು.

ಮೂವತ್ತೊಂದನೇ ತಿರುವು ದಾಟಿದ ನೀಲಾಗೆ ಕಂಡಿದ್ದು, ರಸ್ತೆಗೆ ಅಡ್ಡ ಬಿದ್ದ ಬೈಕ್. ಪಕ್ಕದಲ್ಲಿ ಬಲಗೈ ಹಿಡಿದುಕೊಂಡು ಕೂತ ಫರೀದಾ!

"ಏನಾತು? ಹೆಂಗ ಬಿದ್ದಿ?"

"ಕನ್ನಡಿ ನೋಡಾಕತ್ತಿದ್ದೆ... ನೀ ಬರಾಕತ್ತೀಯೋ ಇಲ್ಲೋ ಅಂತ. ಜಲ್ಲಿ ಕಾಣಲಿಲ್ಲ."

"ರಸ್ತಾ ಬಿಟ್ಟು ನನ್ನ ಯಾಕ ನೋಡ್ತಿ?"

ಆಗ ಫರೀದಾ ಅತ್ತುಬಿಟ್ಟಳು. ನೋವಿಗಲ್ಲ.

"ಯಾಣಕ್ಕ ಹೋದಾಗ ನಾ ಮುಂದ ಇದ್ನಲ್ಲಾ... ನೀ ಬಿದ್ದದ್ದ ಗೊತ್ತಾಗಲಿಲ್ಲ. ನಾಕು ಕಿಲೋಮೀಟರ್ ಹೋಗಿಬಿಟ್ಟಿದ್ದೆ. ನೀ ಒಬ್ಬಾಕೀನ ಬಿದ್ದಿದ್ದಿ. ಅವತ್ತಿನಿಂದ ಮುಂದ ಹೋಗಾಕ ನನಗ ಅಂಜಿಕಿ, ನೀಲಾ."

ನೀಲಾ ರಸ್ತೆಯಲ್ಲೇ ಅವಳ ಪಕ್ಕ ಕೂತಳು. ಎರಡು ವರ್ಷ ಹೆದರಿಕೊಂಡು ಬದುಕಿದ್ದು ತಾನೊಬ್ಬಳೇ ಅಂದುಕೊಂಡಿದ್ದಳು...

ಫರೀದಾಳ ಮಣಿಕಟ್ಟು ಸೊಟ್ಟಗಾಗಿತ್ತು. ಫರೀದಾ ತನ್ನ ಬೆರಳು ತಾನೇ ಮುಟ್ಟಿ ನೋಡಿಕೊಂಡಳು. ಎಷ್ಟಂದರೂ ನರ್ಸ್.

"ಬೆರಳು ತಣ್ಣಗಾಗಾಕತ್ತಾವು, ರಕ್ತ ಹರಿಯವಲ್ದು. ತಡಾ ಮಾಡಿದ್ರ ಈ ಕೈ ಮತ್ತ ಸೂಜಿ ಹಿಡಿಯಂಗಿಲ್ಲ."

ಫೋನಿಗೆ ನೆಟ್‌ವರ್ಕ್ ಇಲ್ಲ. ಹತ್ತು ನಿಮಿಷ ಕಾದರೂ ಒಂದು ಗಾಡಿಯೂ ಬರಲಿಲ್ಲ.

ನೀಲಾ ಕೆಳಗೆ ನೋಡಿದಳು. ಮೂವತ್ತೊಂದು ತಿರುವು... ಅದೂ ಇಳಿಜಾರು... ಹಿಂದೆ ಕೈ ಮುರಿದ ಗೆಳತಿ.

ಟೂಲ್ ಕಿಟ್‌ನಿಂದ ಉದ್ದನೆಯ ಸ್ಪ್ಯಾನರ್ ತೆಗೆದು, ಮುರಿದ ಕೈಗೆ ಆಸರೆಯಾಗಿ ಇಟ್ಟು, ದುಪಟ್ಟಾದಿಂದ ಕಟ್ಟಿದಳು. ಫರೀದಾಳ ಬೈಕನ್ನು ಬದಿಗೆ ತಳ್ಳಿ ನಿಲ್ಲಿಸಿದಳು.

"ನನ್ನ ಹಿಂದ ಕೂಡು."

ಮೊದಲ ತಿರುವಿಗೇ ಎರಡೂ ಕಾಲು ನೆಲಕ್ಕೆ ಊರಿದಳು. ಹಿಂದಿನಿಂದ ಫರೀದಾ ಕಿವಿಯಲ್ಲಿ ಹೇಳಿದಳು, "ಎರಡನೇ ಗೇರ್ ಬಿಡಬ್ಯಾಡ. ಇಂಜಿನ್ನೇ ಹಿಡಿದು ಇಳಸ್ತೈತಿ. ಅವಸರ ಇಲ್ಲ."

ಅವಸರ ಇತ್ತು... ಆದರೂ ಹಾಗಂದಳು.

ಇಪ್ಪತ್ತೆಂಟಕ್ಕೆ ಬೈಕ್ ಬಂದ್ ಬಿತ್ತು. ಮತ್ತೆ ಸ್ಟಾರ್ಟ್ ಮಾಡಿದಳು. ಇಪ್ಪತ್ತು... ಹದಿನೆಂಟು... ಹನ್ನೊಂದರ ಹತ್ತಿರ ನೀಲಾಗೆ ತಟ್ಟನೆ ಗೊತ್ತಾಯಿತು. ಕೈ ನಡುಗುತ್ತಿಲ್ಲ!

ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮೂಳೆ ಸರಿಮಾಡಿ ಪ್ಲಾಸ್ಟರ್ ಹಾಕಿದರು. ಬೆರಳುಗಳಿಗೆ ಮತ್ತೆ ಬಿಸಿ ಬಂತು. "ಸರಿಯಾದ ಹೊತ್ತಿಗೆ ಕರೆತಂದಿರಿ" ಅಂದರು. ಮೂರು ದಿನ ವಿಶ್ರಾಂತಿ, ಆಮೇಲೆ ರೈಲಿನಲ್ಲಿ ಊರಿಗೆ ಹೋಗಿ ಅಂತಲೂ ಹೇಳಿದರು.

ಮೂರು ದಿನದ ಮಾತನ್ನು ಕೇಳಿದರು, ಅಷ್ಟರಲ್ಲಿ ಫರೀದಾಳ ಬೈಕನ್ನೂ ಟೆಂಪೋದಲ್ಲಿ ಕೆಳಗೆ ತರಿಸಿದರು. ರೈಲಿನ ಮಾತನ್ನು ಯಾರು ಕೇಳುತ್ತಾರೆ!

ನಾಲ್ಕನೇ ದಿನ ಬೆಳಿಗ್ಗೆ ಅದೇ ಬೆಟ್ಟ. ನೀಲಾಳ ಹಿಂದೆ, ಕೊರಳಿಗೆ ಕೈ ತೂಗುಹಾಕಿಕೊಂಡ ಫರೀದಾ. ಹಾರ್ನ್ ಹೊಡೆದವರಿಗೆಲ್ಲ ನೀಲಾ ನಗುತ್ತಾ ದಾರಿ ಬಿಟ್ಟಳು.

ಮೂವತ್ತೊಂದು ದಾಟಿತು. ಐವತ್ತು ದಾಟಿತು...

ಎಪ್ಪತ್ತು!

ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಗಂಟಲು ಹರಿಯುವಂತೆ ಕೂಗಿದಳು, "ದಾಟಿದೆ ಫರೀದಾ... ಎಪ್ಪತ್ತೂ ದಾಟಿದೆ!"

ಬಾಳೆಹಣ್ಣು ಮಾರುವ ಹೆಂಗಸರು ತಿರುಗಿ ನೋಡಿದರು. ಕನ್ನಡ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

ಫರೀದಾ ಕಣ್ಣೊರೆಸಿಕೊಳ್ಳುತ್ತಾ ಅಂದಳು, "ಇನ್ನ ನಿನ್ನ ಕಾಯೂ ಕೆಲಸ ಮುಗೀತು ನಂದು."

ನೀಲಾ ಅವಳನ್ನು ತಬ್ಬಿಕೊಂಡಳು.

"ನಂದು ಈಗ ಶುರು ಆತು. ಕೈ ಕೂಡಿದ ಮ್ಯಾಲ ನೀನ ಮುಂದ ಹೋಗಬೇಕು. ನೀ ರಸ್ತಾ ನೋಡಿದ್ರ ಸಾಕು... ಹಿಂದ ನಾ ಅದೀನಿ."

ನಮ್ಮನ್ನು ಮುಂದೆ ಬಿಟ್ಟು ಹಿಂದೆ ಬರುವವರು ನಮಗಿಂತ ನಿಧಾನದವರಲ್ಲ... ನಾವು ಬಿದ್ದರೆ ಎತ್ತಲು ಇರುವವರು.

ನಿಮ್ಮ ಹಿಂದೆ ಹಾಗೆ ಸದ್ದಿಲ್ಲದೆ ಬರುತ್ತಿರುವವರು ಯಾರು? ಅವರೊಳಗೂ ಒಂದು ಅಂಜಿಕೆ ಇದೆಯಾ ಅಂತ ಯಾವತ್ತಾದರೂ ಕೇಳಿದ್ದೀರಾ?