ಕರೆಂಟ್ ಇಲ್ಲದ ಹತ್ತು ದಿನ

"ಹತ್ತು ದಿನದ ಹಿಂದೆ ನಾನೇ ಇದ್ರಲ್ಲಿ ಎಂಟು ಅಕ್ಷರ ಬರ್ದಿಟ್ಟಿದ್ದೆ ಸಾರ್. ಆಮೇಲೆ ಕರೆಂಟೇ ಕೊಟ್ಟಿಲ್ಲ," ಎನ್ನುತ್ತ ಪ್ರೊಫೆಸರ್ ಮೋಹನ್ ಕುಮಾರ್ ನಾಗರಬಾವಿಯ ಲ್ಯಾಬಿಗೆ ಬಂದಿದ್ದ ಸಮಿತಿಗೆ ಮೆಮೊರಿ ಚಿಪ್ ತೋರಿಸಿದರು.

ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ಬೆಳ್ಳಿಕಣಗಳಿಂದ ಅದನ್ನು ಮಾಡಿದವಳು ಅವರ ವಿದ್ಯಾರ್ಥಿನಿ ಗುರುದೇವಿ. ಹತ್ತು ದಿನದ ಹಿಂದೆ, ಈ ಚಿಪ್ ಕುರಿತ ಪ್ರಬಂಧದಿಂದ ಅವಳ ಹೆಸರನ್ನು ಕೈಬಿಟ್ಟ ದಿನ, "ನಿನ್ ಹೆಸ್ರು ಯಾರಿಗ್ ಬೇಕಮ್ಮ? ಚಿಪ್‌ನಲ್ಲಿ ಏನಾದ್ರೂ ಬರ್ದಿಡು, ಹೋಗು," ಅಂದಿದ್ದರು.

ಗುರುದೇವಿ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಮೂಡಿ ಅವಳ ಹೆಸರಾಯಿತು.

"ಯಾರ್ರೀ ಇದು ಗುರುದೇವಿ?" ಸಮಿತಿಯ ಹಿರಿಯರು ಕೇಳಿದರು.

ಮೋಹನ್ ಕುಮಾರ್ ಅವಳ ಕಿವಿಯ ಬಳಿ ಬಗ್ಗಿದರು. "ಮೊದ್ಲು ಆಫ್ ಮಾಡು."

"ಆಫ್ ಮಾಡಿದ್ರೂ ಹೋಗಂಗಿಲ್ರಿ ಸರ," ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ಹಂಗಂತ ಪೇಪರ್‌ನಾಗ ನೀವ ಬರದೀರಲ್ಲ."